ಎಳೆ ಜೋಳದಲ್ಲಿ ವಿಷ ಎಲ್ಲಿಂದ ಬರುತ್ತದೆ?

ಅಕ್ಕಂದಿರೇ, ಮಳೆ ಕೈಕೊಟ್ಟು ಬಿಳಿಜೋಳ ಮೊಣಕಾಲೆತ್ತರಕ್ಕೇ ನಿಂತುಬಿಟ್ಟರೆ, "ಹೇಗೂ ಒಣಗುತ್ತದೆ, ಹಸುವಾದರೂ ತಿನ್ನಲಿ" ಎಂದು ಅದರಲ್ಲಿ ಮೇಯಲು ಬಿಡುವುದುಂಟು. ಹಾಗೆ ಮೇಯ್ದ ಹಸುವೊಂದನ್ನು ನೋಡಲು ಕರೆ ಬಂದು ನಾನು ತಲುಪುವಷ್ಟರಲ್ಲಿ ಅದು ಸತ್ತಿತ್ತು. ಯಾರೋ ಆಗದವರು ವಿಷ ಹಾಕಿದ್ದಾರೆ ಎಂದು ಆ ಮನೆಯಾಕೆ ಅಳುತ್ತಿದ್ದರು. ವಿಷ ಇದ್ದದ್ದು ಜೋಳದಲ್ಲೇ.

ಗಿಡಕ್ಕೆ ಓಡಲು ಕಾಲಿಲ್ಲ, ಹಾಯಲು ಕೊಂಬಿಲ್ಲ. ಹುಳ ಬರುವ ಮೊದಲೇ ಅದು ಸಿದ್ಧವಾಗಿರಬೇಕು. ಜೋಳದ ಎಲೆಯ ಕಣಗಳಲ್ಲಿ ಧುರಿನ್ ಎಂಬ ವಸ್ತು ಒಂದು ಕಡೆ, ಅದನ್ನು ಒಡೆಯುವ ಕಿಣ್ವ ಇನ್ನೊಂದು ಕಡೆ ಇರುತ್ತವೆ. ಹಾಲು ಒಂದು ಪಾತ್ರೆಯಲ್ಲಿ, ಹೆಪ್ಪು ಇನ್ನೊಂದರಲ್ಲಿ ಇಟ್ಟ ಹಾಗೆ. ಎಲೆಯನ್ನು ಅಗಿದಾಗ ಎರಡೂ ಬೆರೆತು ಸಯನೈಡ್ ಹೊರಬರುತ್ತದೆ. ಹುಳಕ್ಕೆಂದು ಇಟ್ಟ ಈ ಮದ್ದು ಹಸುವಿಗೂ ತಗಲುತ್ತದೆ. ಮೆಲುಕು ಹಾಕುವ ಪ್ರಾಣಿಗೆ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಹೊಟ್ಟೆಯ ಸೂಕ್ಷ್ಮಜೀವಿಗಳೂ ಧುರಿನ್ ಅನ್ನು ಒಡೆಯುತ್ತವೆ.

ಎಳೆ ಪೈರಿನಲ್ಲಿ ಧುರಿನ್ ಹೆಚ್ಚು, ಬೆಳೆದಂತೆ ಕಡಿಮೆ. ಆದರೆ ಬರದಲ್ಲಿ ಬೆಳವಣಿಗೆ ನಿಂತಾಗ, ಕೊಯ್ದ ಮೇಲೆ ಕೂಳೆ ಚಿಗುರಿದಾಗ, ಬರದ ನಂತರ ಮಳೆ ಬಿದ್ದು ಹೊಸ ಸುಳಿ ಬಂದಾಗ, ಯೂರಿಯಾ ಅತಿಯಾದಾಗ ಮತ್ತೆ ಏರುತ್ತದೆ. ಕಣ್ಣಿಗೆ ಹಸಿರಾಗಿ, ಮೃದುವಾಗಿ ಕಾಣುವ ಆ ಕೂಳೆ ಚಿಗುರೇ ಎಲ್ಲಕ್ಕಿಂತ ಮೋಸದ್ದು.

ವಿಷ ಏರಿದರೆ ಕೆಲವೇ ನಿಮಿಷಗಳಲ್ಲಿ ಏದುಸಿರು, ಜೊಲ್ಲು, ತೂರಾಟ; ಆಮೇಲೆ ಬಿದ್ದು ಒದ್ದಾಡುತ್ತದೆ. ರಕ್ತದಲ್ಲಿ ಆಮ್ಲಜನಕ ಇದ್ದರೂ ದೇಹ ಬಳಸಿಕೊಳ್ಳಲಾರದು, ಹಾಗಾಗಿ ವಸಡು, ಕಣ್ಣಿನ ಒಳರೆಪ್ಪೆ ಕಡುಕೆಂಪಾಗಿ ಕಾಣಬಹುದು. ಕೂಡಲೇ ಮೇವಿನಿಂದ ಬಿಡಿಸಿ ವೈದ್ಯರಿಗೆ ಫೋನ್ ಮಾಡಿ, "ಎಳೆ ಜೋಳ ತಿಂದಿದೆ" ಎಂದು ಮೊದಲೇ ಹೇಳಿ. ನರಕ್ಕೆ ಕೊಡುವ ಸೋಡಿಯಂ ಥಯೋಸಲ್ಫೇಟ್ ಮದ್ದನ್ನು ಅವರು ಜೊತೆಗೇ ತರಬಹುದು. ಸಮಯಕ್ಕೆ ಸಿಕ್ಕರೆ ಬಿದ್ದ ಹಸುವೂ ಏಳುತ್ತದೆ. ಬಿದ್ದ ಹಸುವಿನ ಬಾಯಿಗೆ ಮಾತ್ರ ಏನನ್ನೂ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ.

ಜೋಳವನ್ನು ಹೂ ಬಂದ ಮೇಲೆಯೇ ಕೊಯ್ಯಿರಿ. ಹಸಿದ ಹಸುವಿಗೆ ಮೊದಲು ಒಣಹುಲ್ಲು ಹಾಕಿ. ಎಳೆಯದನ್ನು ಕೊಯ್ಯಲೇಬೇಕಾಗಿ ಬಂದರೆ ಬಿಸಿಲಿನಲ್ಲಿ ಗರಿಗರಿಯಾಗುವಂತೆ ಒಣಗಿಸಿ, ಹೆಚ್ಚಿನ ಸಯನೈಡ್ ಹಾರಿಹೋಗುತ್ತದೆ. ಬರೀ ಬಾಡಿದರೆ ಸಾಲದು.

ಮುಸುಕಿನ ಜೋಳಕ್ಕೂ ಹೀಗೆಯೇ ಹೆದರಬೇಕೇ ಎಂದು ಸಭೆಗಳಲ್ಲಿ ಕೇಳುತ್ತೀರಿ. ಸಯನೈಡ್‌ಗೆ ಹೆದರಬೇಕಿಲ್ಲ. ರೊಟ್ಟಿಗೂ ಹೆದರಬೇಡಿ, ಬಲಿತ ಜೋಳದ ಕಾಳಿನಲ್ಲಿ ಧುರಿನ್ ಇಲ್ಲವೆನ್ನುವಷ್ಟು ಕಡಿಮೆ.