ವಿಶಾಲಪರದೆಯ ಚಲನಚಿತ್ರಗಳ ಪುನರುದ್ಧಾರ: ಪಠ್ಯ ಮತ್ತು ಸಂದರ್ಭದ ಪ್ರಶ್ನೆಗಳು

ಚಲನಚಿತ್ರವನ್ನು ಯಂತ್ರದಲ್ಲಿ ಅಚ್ಚಾದ, ಬದಲಾಗದ ಪಠ್ಯವೆಂದು ಭಾವಿಸುವುದು ವಾಡಿಕೆ. ಮೌಖಿಕ ಕಾವ್ಯದಂತೆ ಅದು ಹಾಡುಗಾರನಿಂದ ಹಾಡುಗಾರನಿಗೆ ರೂಪಾಂತರ ಹೊಂದುವುದಿಲ್ಲ ಎಂಬುದು ಈ ಭಾವನೆಗೆ ಆಧಾರ. ಆದರೆ ಚಿತ್ರಮಂದಿರದ ವಿಶಾಲ ಪರದೆಗಾಗಿ ನಿರ್ಮಾಣಗೊಂಡ ಹಳೆಯ ಚಿತ್ರವನ್ನು ಮನೆಯ ಹೈ ಡೆಫಿನಿಷನ್ ಟಿ.ವಿ.ಗೆ ಅಳವಡಿಸುವಾಗ ಎದುರಾಗುವ ಸಮಸ್ಯೆಗಳು ಜಾನಪದ ಸಂಪಾದಕನ ಸಮಸ್ಯೆಗಳಿಗೆ ತೀರ ಹತ್ತಿರವಾಗಿವೆ. 1962ರ 'ಹೌ ದ ವೆಸ್ಟ್ ವಾಸ್ ವನ್' ಚಿತ್ರದ ಪುನರುದ್ಧಾರವು ಇದಕ್ಕೆ ಉತ್ತಮ ನಿದರ್ಶನವಾಗಿದೆ.

ಅಮೆರಿಕದಲ್ಲಿ ಟಿ.ವಿ. ಮನೆಮನೆಯನ್ನು ಪ್ರವೇಶಿಸುತ್ತಿದ್ದ ಕಾಲದಲ್ಲಿ, ಫ್ರೆಡ್ ವಾಲರ್ ರೂಪಿಸಿದ ಸಿನೆರಾಮ ಪದ್ಧತಿಯ ಮೊದಲ ಚಿತ್ರವು 1952ರ ಸೆಪ್ಟೆಂಬರ್ 30ರಂದು ನ್ಯೂಯಾರ್ಕಿನಲ್ಲಿ ಪ್ರದರ್ಶನಗೊಂಡಿತು. ಈ ಪದ್ಧತಿಯಲ್ಲಿ ದೃಶ್ಯವನ್ನು 35 ಮಿ.ಮೀ. ಅಗಲದ ಮೂರು ಫಿಲ್ಮ್ ಪಟ್ಟಿಗಳ ಮೇಲೆ ಏಕಕಾಲಕ್ಕೆ ಚಿತ್ರೀಕರಿಸಲಾಗುತ್ತಿತ್ತು. ಮೂರು ಪ್ರೊಜೆಕ್ಟರುಗಳು ಆ ಪಟ್ಟಿಗಳನ್ನು 146 ಡಿಗ್ರಿ ವ್ಯಾಪ್ತಿಯ ಬಾಗಿದ ಪರದೆಯ ಮೇಲೆ ಅಕ್ಕಪಕ್ಕದಲ್ಲಿ ಮೂಡಿಸುತ್ತಿದ್ದವು. ಏಳು ಪಥಗಳ ಧ್ವನಿಯು ಪ್ರತ್ಯೇಕ ಕಾಂತೀಯ ಪಟ್ಟಿಯಿಂದ ಬರುತ್ತಿತ್ತು. ಹೆನ್ರಿ ಹ್ಯಾಥವೇ, ಜಾನ್ ಫೋರ್ಡ್ ಮತ್ತು ಜಾರ್ಜ್ ಮಾರ್ಷಲ್ ನಿರ್ದೇಶಿಸಿದ ಮೇಲಿನ ಚಿತ್ರವು ಈ ಪದ್ಧತಿಯನ್ನು ಕಥಾಚಿತ್ರಕ್ಕೆ ಬಳಸಿದ ವಿರಳ ಪ್ರಯತ್ನಗಳಲ್ಲಿ ಒಂದು.

ಸಿನೆರಾಮದ ದೊಡ್ಡ ದೋಷವೆಂದರೆ ಪಟ್ಟಿಗಳು ಕೂಡುವ ಎರಡು ಸಂಧಿಗಳು. ಅವು ಪರದೆಯ ಮೇಲೆ ಲಂಬ ಗೆರೆಗಳಾಗಿ ಕಾಣುತ್ತಿದ್ದವು. ಅವನ್ನು ಮಸುಕಾಗಿಸಲು ಪ್ರೊಜೆಕ್ಟರಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳಂತಹ ಸಾಧನವೊಂದು ಮೇಲೆ ಕೆಳಗೆ ಅಲುಗುತ್ತಿತ್ತು. ಚಿತ್ರೀಕರಣದಲ್ಲಿಯೂ ಮರ, ಕಂಬಗಳನ್ನು ಸಂಧಿಯ ಜಾಗಕ್ಕೆ ಹೊಂದಿಸಿ ಗೆರೆಯನ್ನು ಮರೆಮಾಡುತ್ತಿದ್ದರು. ಬೇರೆ ಬೇರೆ ಪಟ್ಟಿಗಳಲ್ಲಿ ನಿಂತ ನಟರು ಪರಸ್ಪರ ನೋಡುತ್ತಿರುವಂತೆ ಕಾಣಬೇಕಾದರೆ ವಾಸ್ತವದಲ್ಲಿ ಬೇರೆಡೆಗೆ ದೃಷ್ಟಿ ಹಾಯಿಸಬೇಕಾಗಿತ್ತು.

ವಾರ್ನರ್ ಸಂಸ್ಥೆ 2008ರಲ್ಲಿ ಹೊರತಂದ ಬ್ಲೂ-ರೇ ಆವೃತ್ತಿಗಾಗಿ ಮೂರು ಪಟ್ಟಿಗಳ ಚಿತ್ರಗಳನ್ನು ಡಿಜಿಟಲ್ ರೂಪದಲ್ಲಿ ಒಂದುಗೂಡಿಸಿ, ಸಂಧಿಗೆರೆಗಳನ್ನು ಬಹುಮಟ್ಟಿಗೆ ಅಳಿಸಲಾಯಿತು. ಇಂತಹ ಕೆಲಸದಲ್ಲಿ ಪಟ್ಟಿಗಳ ಬಣ್ಣ ಹಾಗೂ ಬೆಳಕನ್ನು ಹೊಂದಿಸುವುದು, ಅಲುಗಾಟವನ್ನು ಸರಿಪಡಿಸುವುದು ಅನಿವಾರ್ಯ. ಒಂದು ಪಟ್ಟಿ ತುಸು ಕದಲಿದರೂ ದಿಗಂತದ ರೇಖೆ ಮುರಿದು ಕಾಣುತ್ತದೆ. ಈ ಆವೃತ್ತಿಯಲ್ಲಿ ಚಿತ್ರದ ಅಗಲವು ಎತ್ತರದ ಸುಮಾರು 2.89ರಷ್ಟಿದೆ. ಹೀಗಾಗಿ ಹೈ ಡೆಫಿನಿಷನ್ ಚಿತ್ರದ 1080 ಸಾಲುಗಳಲ್ಲಿ ಸುಮಾರು 664 ಮಾತ್ರ ದೃಶ್ಯಕ್ಕೆ ದೊರೆಯುತ್ತವೆ. ಉಳಿದದ್ದು ಮೇಲಿನ ಮತ್ತು ಕೆಳಗಿನ ಕಪ್ಪು ಪಟ್ಟಿ.

ಇಲ್ಲಿ ಮೂಲಭೂತ ಪ್ರಶ್ನೆಯೊಂದು ಹುಟ್ಟುತ್ತದೆ. ಅಂದಿನ ಪ್ರೇಕ್ಷಕರು ಕಂಡ ಗೆರೆಯನ್ನು ಇಂದು ಅಳಿಸುವುದು ಪುನರುದ್ಧಾರವೇ, ತಿದ್ದುಪಡಿಯೇ? ಗೆರೆಯನ್ನು ಮರೆಮಾಡಲು ನಿರ್ಮಾಪಕರೇ ಶ್ರಮಿಸಿದ್ದರಿಂದ ಅಳಿಸುವಿಕೆಯು ಅವರ ಆಶಯಕ್ಕೆ ಅನುಗುಣವಾಗಿದೆ ಎನ್ನಬಹುದು. ಆದರೆ ಗೆರೆ ಮಾಯವಾದ ಮೇಲೆ ಆ ಮರ ಅಲ್ಲೇಕಿದೆ, ನಟನ ನೋಟ ಅತ್ತ ಏಕೆ ಹೊರಳಿದೆ ಎಂಬುದಕ್ಕೆ ಇದ್ದ ಕಾರಣವೂ ಮರೆಯಾಗುತ್ತದೆ. ಹಾಡುಗಾರ ಉಸಿರು ತೆಗೆದುಕೊಳ್ಳಲು ಬಳಸುವ ಪಲ್ಲವಿಯನ್ನು ಪುನರುಕ್ತಿಯೆಂದು ಕೈಬಿಡುವ ಸಂಪಾದಕನಿಂದಲೂ ಇಂತಹುದೇ ನಷ್ಟ ಉಂಟಾಗುತ್ತದೆ.

ಜಾನಪದ ವಿದ್ವಾಂಸ ಅಲನ್ ಡಂಡೆಸ್ 1964ರಲ್ಲಿ ಹೆಣಿಗೆ, ಪಠ್ಯ ಮತ್ತು ಸಂದರ್ಭ ಎಂಬ ಮೂರು ನೆಲೆಗಳನ್ನು ಗುರುತಿಸಿದರು. ಈ ಚಿತ್ರದ ಪಠ್ಯವು ಮೂರು ಪಟ್ಟಿಗಳಲ್ಲಿದೆ, ಹೆಣಿಗೆಯು ಸಂಧಿಗಳಲ್ಲಿದೆ, ಸಂದರ್ಭವು ಪ್ರೇಕ್ಷಕನನ್ನು ಸುತ್ತುವರಿಯುವ ಬಾಗಿದ ಪರದೆಯಲ್ಲಿದೆ. ಚಪ್ಪಟೆ ಪರದೆಯ ಮೇಲೆ ನೇರ ರೇಖೆಗಳು ಸಂಧಿಯ ಬಳಿ ಬಾಗಿದಂತೆ ತೋರುವುದು ಸಂದರ್ಭನಷ್ಟದ ಫಲವೇ ಹೊರತು ಚಿತ್ರದ ದೋಷವಲ್ಲ. ಇದನ್ನರಿತೇ 2008ರ ಬ್ಲೂ-ರೇ ಆವೃತ್ತಿಯು ಚಪ್ಪಟೆ ರೂಪದ ಜೊತೆಗೆ ಬಾಗಿದ ಪರದೆಯನ್ನು ಅನುಕರಿಸುವ 'ಸ್ಮೈಲ್‌ಬಾಕ್ಸ್' ರೂಪವನ್ನೂ ನೀಡಿತು. ಎರಡರಲ್ಲಿ ಯಾವುದೂ ಅಂದಿನ ಪ್ರದರ್ಶನವಲ್ಲ. ಎರಡೂ ಅದರ ಪಾಠಾಂತರಗಳು.

ಆದುದರಿಂದ ಪುನರುದ್ಧಾರಕನ ಹೊಣೆ ಒಂದೇ ಶುದ್ಧ ಪಾಠವನ್ನು ಸ್ಥಾಪಿಸುವುದಕ್ಕೆ ಸೀಮಿತವಲ್ಲ. ತಾನು ಅಳಿಸಿದ್ದೇನು, ಸೇರಿಸಿದ್ದೇನು ಎಂಬುದನ್ನು ದಾಖಲಿಸುವುದು, ಸಂಧಿಗಳಿರುವ ಮೂಲ ಪಟ್ಟಿಗಳನ್ನು ಹಾಗೆಯೇ ಕಾಪಿಡುವುದು ಅಷ್ಟೇ ಮುಖ್ಯ. ಮುಂದಿನ ತಲೆಮಾರು ಬೇರೊಂದು ಪಾಠವನ್ನು ಸಿದ್ಧಪಡಿಸಬೇಕಾದರೆ ಅದಕ್ಕೆ ಆಧಾರವಾಗುವುದು ಆ ಪಟ್ಟಿಗಳೇ.