ಮೊದಲು ಮಾತು ಬರಲಿ, ಆಮೇಲೆ ಲಸಿಕೆ

ಸ್ವೀಡನ್‌ನ ಸ್ಟಾಕ್‌ಹೋಮ್‌ನ ರಿಂಕೆಬಿ, ಟೆನ್‌ಸ್ಟಾ ಬಡಾವಣೆಗಳು. 1991ರಲ್ಲಿ ಸೊಮಾಲಿಯಾ ಸರ್ಕಾರ ಕುಸಿದ ಮೇಲೆ ಬಂದ ಅನೇಕ ಕುಟುಂಬಗಳು ಇಲ್ಲಿವೆ.

ಸ್ವೀಡನ್‌ನಲ್ಲಿ ಮಗುವಿಗೆ 18 ತಿಂಗಳಾದಾಗ ಎಂಎಂಆರ್ ಲಸಿಕೆ. ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಒಂದೇ ಚುಚ್ಚುಮದ್ದು. ಹಲವು ಸೊಮಾಲಿ ತಾಯಂದಿರು ಇದೊಂದನ್ನು ಮಾತ್ರ ಮುಂದೂಡುತ್ತಿದ್ದರು. ಆಟಿಸಂ ಬಂದೀತೆಂಬ ಭಯ; ಮಗು ಮಾತಾಡಲು ಕಲಿಯಲಿ, ಆಮೇಲೆ ಹಾಕಿಸೋಣ ಎಂಬ ಲೆಕ್ಕ. ಉಳಿದ ಲಸಿಕೆಗಳಿಗೆ ತಕರಾರಿರಲಿಲ್ಲ. ಹಾಗಿರುವಾಗ ಇದನ್ನು ಮತದ ಮೊಂಡುತನ ಎನ್ನುವುದು ಅನ್ಯಾಯ.

ಭಯ ಹುಟ್ಟಿದ್ದು ಬ್ರಿಟನ್ನಿನಲ್ಲಿ. 1998ರಲ್ಲಿ ವೈದ್ಯ ಆಂಡ್ರ್ಯೂ ವೇಕ್‌ಫೀಲ್ಡ್ ಬರೀ 12 ಮಕ್ಕಳನ್ನಿಟ್ಟುಕೊಂಡು, ಎಂಎಂಆರ್‌ಗೂ ಆಟಿಸಂಗೂ ನಂಟಿರಬಹುದೆಂದು ಬರೆದ ಪ್ರಬಂಧದಿಂದ. ಅದನ್ನು ಪ್ರಕಟಿಸಿದ್ದ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಸ್ವೀಡನ್‌ನ ಪಕ್ಕದ ಡೆನ್ಮಾರ್ಕ್‌ನಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ನೋಡಿದ 2019ರ ಅಧ್ಯಯನಕ್ಕೂ ಲಸಿಕೆ, ಆಟಿಸಂ ನಡುವೆ ನಂಟು ಸಿಗಲಿಲ್ಲ.

ಆದರೆ ಒಂದು ಸಂಗತಿ ಗಮನಿಸಿ. ಆಟಿಸಂನ ಲಕ್ಷಣಗಳು ಹೆತ್ತವರ ಕಣ್ಣಿಗೆ ಬೀಳುವುದೂ ಹೆಚ್ಚುಕಡಿಮೆ ಈ ಲಸಿಕೆ ಹಾಕಿಸುವ ವಯಸ್ಸಿನಲ್ಲೇ. ಮೊನ್ನೆ ಚುಚ್ಚಿಸಿದ್ದು, ಇವತ್ತು ಮಗು ಕರೆದರೂ ತಿರುಗದಿದ್ದದ್ದು: ಎರಡನ್ನೂ ಗಂಟು ಹಾಕದೆ ಇರುವುದು ಯಾವ ತಾಯಿಗೂ ಸುಲಭವಲ್ಲ. ಅವಳನ್ನು ಮೂಢಳೆಂದು ಬೈದರೆ ಅವಳು ಕ್ಲಿನಿಕ್ಕಿಗೇ ಬರುವುದಿಲ್ಲ.

ಸ್ಟಾಕ್‌ಹೋಮ್‌ನ ಆರೋಗ್ಯ ಅಧಿಕಾರಿಗಳು ಬೈಯಲಿಲ್ಲ. ಮೊದಲು ತಾಯಂದಿರ ಅಳುಕನ್ನು ಕೇಳಿಸಿಕೊಂಡರು. ಆಮೇಲೆ ಅದೇ ಸಮುದಾಯದವರಿಗೆ ತರಬೇತಿ ಕೊಟ್ಟು, ನೆರೆಹೊರೆಯವರೊಡನೆ ಮಾತಿಗೆ ಕೂರಿಸಿದರು.