ನೇತ್ರಾಣಿಯ ಹವಳಕ್ಕೆ ಬೇಕಾದ ಬಿಡುವು

ವಾರಾಂತ್ಯಕ್ಕೆ ಬೆಂಗಳೂರಿನ ಜಯನಗರ, ಬಿಟಿಎಂ ಲೇಔಟ್ ಕಡೆಯಿಂದ ಮುರ್ಡೇಶ್ವರದ ರಾತ್ರಿ ಬಸ್ಸು ಹತ್ತುವ ಯುವಜನರಲ್ಲಿ ಅನೇಕರು ಹೊರಟಿರುವುದು ಸ್ಕೂಬಾ ಡೈವಿಂಗ್‌ಗೆ. ಅವರು ಮುಳುಗಿ ನೋಡುವುದು ನೇತ್ರಾಣಿಯ ಹವಳಗಳನ್ನು. ತೀರದಿಂದ ಸುಮಾರು 19 ಕಿ.ಮೀ. ದೂರದ ಈ ನಡುಗಡ್ಡೆ, ಕರ್ನಾಟಕದ ಕಡಲಲ್ಲಿ ಹವಳ ಬೇರೂರಿರುವ ಬೆರಳೆಣಿಕೆಯ ತಾಣಗಳಲ್ಲೊಂದು. ನೌಕಾಪಡೆಯ ಗುರಿ ಅಭ್ಯಾಸದ ಪೆಟ್ಟನ್ನೂ ಅದು ತಿಂದಿದೆ. ಈಗ ಅದೇ ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದ ಕಾಸರಕೋಡಿನಲ್ಲಿ, ಅಂಕೋಲೆಯ ಕೇಣಿಯಲ್ಲಿ ಖಾಸಗಿ ಬಂದರುಗಳ ಯೋಜನೆಗಳಿದ್ದು, ಮೀನುಗಾರರು ಎರಡನ್ನೂ ವಿರೋಧಿಸುತ್ತಿದ್ದಾರೆ. ಇಂಥಲ್ಲಿ ಹವಳದ ಮಾತೆತ್ತಿದರೆ ಒಂದು ಆಕ್ಷೇಪ ತಪ್ಪದೆ ಬರುತ್ತದೆ: ಕಡಲೇ ಬಿಸಿಯಾಗುತ್ತಿರುವಾಗ ಹವಳ ಹೇಗೂ ಸಾಯುತ್ತದೆ, ಅದಕ್ಕಾಗಿ ಬಂದರನ್ನೇಕೆ ಪ್ರಶ್ನಿಸಬೇಕು?

ಹವಳ ಸಾಯುವ ಮತ್ತು ಚೇತರಿಸಿಕೊಳ್ಳುವ ಬಗೆಯನ್ನು ನೋಡಿದರೆ ಈ ತರ್ಕ ನಿಲ್ಲುವುದಿಲ್ಲ. ಹವಳದ ಪುಟ್ಟ ಜೀವಿಯ ಅಂಗಾಂಶದೊಳಗೆ ಸೂಕ್ಷ್ಮ ಪಾಚಿ ವಾಸಿಸುತ್ತದೆ. ಬಿಸಿಲಿನಿಂದ ಅದು ತಯಾರಿಸುವ ಆಹಾರವೇ ಹವಳದ ಮುಖ್ಯ ಜೀವನಾಧಾರ. ಬೇಸಿಗೆಯ ವಾಡಿಕೆಯ ಗರಿಷ್ಠಕ್ಕಿಂತ ಒಂದು ಡಿಗ್ರಿಯಷ್ಟು ಹೆಚ್ಚಿನ ಬಿಸಿ ಕೆಲವು ವಾರ ಉಳಿದರೆ ಪಾಚಿ ಹೊರಬಿದ್ದು ಹವಳ ಬಿಳಿಚುತ್ತದೆ. ಆದರೆ ಇಂಥ ಬಿಸಿ ಅಲೆಗಳಾಗಿ ಬರುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಬಂದದ್ದು ಹಾಗೆಯೇ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ವಿಜ್ಞಾನಿಗಳು ಅಲ್ಲಿನ ಹವಳದ ದಿಬ್ಬಗಳನ್ನು ಎರಡು ದಶಕಕ್ಕೂ ಹೆಚ್ಚು ಕಾಲ ಗಮನಿಸಿದರು. ಜೀವಂತ ಹವಳದ ಹೊದಿಕೆ ಶೇ. 37ರಿಂದ ಸುಮಾರು 20ಕ್ಕೆ ಕುಸಿದಿತ್ತು. ನಷ್ಟದಷ್ಟೇ ಮಹತ್ವದ ಇನ್ನೊಂದು ಸಂಗತಿಯೂ ಕಂಡಿತು: ಬಿಳಿಚುವಿಕೆಯಿಲ್ಲದೆ ಆರು ವರ್ಷ ಕಳೆದರೆ ಚೇತರಿಕೆ ವೇಗ ಪಡೆಯುತ್ತದೆ. ಹವಳದ ಅಳಿವು ಉಳಿವು ನಿಂತಿರುವುದು ಎರಡು ಆಘಾತಗಳ ನಡುವಿನ ಈ ಬಿಡುವಿನ ಮೇಲೆ.

ಬಂದರು ಕಾಮಗಾರಿಯ ಹೂಳು ಕಬಳಿಸುವುದು ಈ ಬಿಡುವನ್ನೇ. ಹಡಗಿನ ಕಾಲುವೆ ಆಳ ಮಾಡುವಾಗ ಎದ್ದ ಕೆಸರು ಬೆಳಕನ್ನು ತಡೆಯುತ್ತದೆ. ಮೈಮೇಲೆ ಕುಳಿತ ಹೂಳನ್ನು ಲೋಳೆ ಸುರಿಸಿ ತೊಳೆಯುವುದರಲ್ಲೇ ಹವಳದ ಶಕ್ತಿ ಸೋರಿಹೋಗುತ್ತದೆ. ಹೂಳು ಮುಚ್ಚಿದ ಬಂಡೆಗೆ ಅದರ ಮರಿಗಳು ಅಂಟಲಾರವು. ಬಿಸಿ ಏರುತ್ತಿದೆ ಎಂಬುದು ಕೆಸರನ್ನು ಇನ್ನಷ್ಟು ಬಿಗಿಯಾಗಿ ತಡೆಯಲು ಕಾರಣವಾಗಬೇಕು. ಬಿಸಿಯನ್ನು ಉತ್ತರ ಕನ್ನಡವೊಂದೇ ತಡೆಯಲಾರದು, ಹೂಳನ್ನು ತಡೆಯಬಲ್ಲದು. ‘ಹೇಗೂ ಸತ್ತದ್ದು’ ಎಂಬ ವಾದ ಹೊಸದೂ ಅಲ್ಲ. 1967ರಲ್ಲಿ ಆಸ್ಟ್ರೇಲಿಯಾದ ಎಲಿಸನ್ ದಿಬ್ಬದಿಂದ ಸುಣ್ಣ ತೆಗೆಯಲು ಹೊರಟವರು ಅದನ್ನೇ ಹೇಳಿದ್ದರು. ಸ್ವಯಂಸೇವಕರು ಮುಳುಗಿ ನೋಡಿದರೆ ದಿಬ್ಬ ಜೀವಂತವಾಗಿತ್ತು. ಗಣಿಗಾರಿಕೆಗೆ ಅನುಮತಿ ಸಿಗಲಿಲ್ಲ. 1975ರಲ್ಲಿ ಆ ದಿಬ್ಬವೂ ಸೇರಿದ ಗ್ರೇಟ್ ಬ್ಯಾರಿಯರ್ ರೀಫ್‌ ರಕ್ಷಣೆಗೆ ಕಾನೂನೇ ಬಂತು.

ನಮ್ಮಲ್ಲೂ ಕಾನೂನಿದೆ ಎನ್ನಬಹುದು. ದಿಬ್ಬ ಕಟ್ಟುವ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಹುಲಿಯ ಜೊತೆಗೆ. ಆದರೆ ಕಾನೂನು ಗಡಿ ಗುರುತಿಸುತ್ತದೆ, ಕೆಸರು ಗಡಿ ದಾಟಿ ಹರಿಯುತ್ತದೆ. ಹವಳ ಕಿತ್ತು ಬೇರೆಡೆ ನೆಡಬಹುದು ಎಂಬ ಸಲಹೆಯೂ ಇದೆ. ಗ್ರೇಟ್ ನಿಕೋಬಾರ್‌ನ ಬಂದರಿಗಾಗಿ ಸಾವಿರಾರು ಹವಳ ಸಮೂಹಗಳನ್ನು ಹೀಗೆ ಸಾಗಿಸುವ ಯೋಜನೆಯಿದೆ. ನೆಟ್ಟದ್ದರಲ್ಲಿ ಒಂದು ಪಾಲು ಬದುಕಿದರೂ ಅದನ್ನು ಆಶ್ರಯಿಸಿದ್ದ ಮೀನು, ಏಡಿ, ಸ್ಪಂಜುಗಳ ಸಂಸಾರ ಜೊತೆಗೆ ಬರುವುದಿಲ್ಲ. ಕರಾವಳಿಗೆ ಉದ್ಯೋಗ ಬೇಕೆಂಬುದು ನಿಜವಾದ ಮಾತು, ಮೀನುಗಾರಿಕೆಯೂ ಉದ್ಯೋಗವೇ. ಹಾಗಾಗಿ ಈ ಕರಾವಳಿಯ ಯಾವುದೇ ಬಂದರಿಗೆ ಒಪ್ಪಿಗೆ ಕೊಡುವ ಮೊದಲು, ಅದರ ಹೂಳು ಮಳೆಗಾಲದ ಮತ್ತು ಬೇಸಿಗೆಯ ಪ್ರವಾಹಗಳಲ್ಲಿ ಎಲ್ಲಿಯವರೆಗೆ ಹರಿಯುತ್ತದೆ, ನೇತ್ರಾಣಿಯನ್ನು ಮುಟ್ಟುತ್ತದೆಯೇ ಎಂಬುದನ್ನು ಸ್ವತಂತ್ರ ವಿಜ್ಞಾನಿಗಳಿಂದ ಅಳೆಯಿಸಿ, ಆ ಅಂಕಿಅಂಶಗಳನ್ನು ಸಾರ್ವಜನಿಕ ಅಹವಾಲು ಸಭೆಗೆ ಮುಂಚೆಯೇ ಕನ್ನಡದಲ್ಲಿ ಪ್ರಕಟಿಸಬೇಕು.